ಎಡಕ್ಕೆ ಬೀಳದ ಹೂವು

“ನಮ್ಮನೆ ಹೆಣ್ಣೊಂದು ಡಿಗ್ರಿ ಮುಗಿಸೋದುಂಟಾ? ನೋಡ್ತಾ ಇರಿ, ಈ ಜನ್ಮದಲ್ಲಿ ಆಗಲ್ಲ.”

ಹೀಗೆಂದವರು ನನ್ನ ಸ್ವಂತ ದೊಡ್ಡಪ್ಪ, ರುದ್ರಪ್ಪ. ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಯ ಜಗುಲಿಯ ಮೇಲೆ ಕೂತು, ಬೀದಿಯವರೆಲ್ಲ ಕೇಳುವ ಹಾಗೆ ಹೇಳಿದ ಮಾತು. ನಾನಾಗ ಪಿಯುಸಿ ಪಾಸಾಗಿದ್ದೆ. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಿದ್ದೆ.

ಮುಂದೆ ಹೇಳುವುದನ್ನು ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಾನು ಓದಿದ್ದು ಮನಃಶಾಸ್ತ್ರ. ಕತ್ತಲಲ್ಲಿ ಹಗ್ಗ ಯಾಕೆ ಹಾವಾಗಿ ಕಾಣುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಆದರೆ ಆ ರಾತ್ರಿ ದೇವರ ಕೋಣೆಯಲ್ಲಿ ದೀಪ ಹಿಡಿದು ನಿಂತಿದ್ದವಳೂ ನಾನೇ. ಅದು ನಡೆಯಿತು. ನನ್ನ ಕಣ್ಣ ಮುಂದೆ, ಕೈಯಳತೆಯಲ್ಲಿ ನಡೆಯಿತು.

ನಮ್ಮ ಮನೆಯ ಮುಂಭಾಗದ ಕೋಣೆಯೇ ದೇವಸ್ಥಾನ. ಒಳಗೆ ಚೌಡಮ್ಮ, ಮೊಣಕಾಲೆತ್ತರದ ಕರಿಕಲ್ಲು, ಅದಕ್ಕೆ ಬೆಳ್ಳಿಯ ಕಣ್ಣು. ಮಂಗಳವಾರ, ಶುಕ್ರವಾರ ಜನ ಹೂ ಕೇಳಲು ಬರುತ್ತಿದ್ದರು. ಬೋರ್‌ವೆಲ್ ತೆಗೆಸಬೇಕಾ, ಸೈಟು ಕೊಳ್ಳಬೇಕಾ, ಈ ಹುಡುಗಿ ಆಗಬಹುದಾ... ಏನೇ ಇರಲಿ. ಪೂಜೆ ಮಾಡುವ ದೊಡ್ಡಪ್ಪ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಕಲ್ಲಿಗೆ ಅಂಟಿಸುತ್ತಿದ್ದರು, ಒಂದು ಬಲಕ್ಕೆ, ಒಂದು ಎಡಕ್ಕೆ. ಬಲಗಡೆಯದು ಮೊದಲು ಬಿದ್ದರೆ ದೇವಿ ‘ಹೌದು’ ಅಂದಳು. ಎಡಗಡೆಯದು ಬಿದ್ದರೆ ‘ಬೇಡ’. ಅಲ್ಲಿಗೆ ಮಾತು ಮುಗಿಯಿತು. ಎಷ್ಟೋ ಮದುವೆಗಳು ನಮ್ಮ ಕೋಣೆಯಲ್ಲಿ ಕುದುರಿವೆ, ಎಷ್ಟೋ ಮುರಿದಿವೆ.

ನಾನು ಕಾಲೇಜಿಗೆ ಹೋಗಬೇಕಾ ಎಂದೂ ಹೂ ಕೇಳಿದರು. ಎಡಗಡೆಯ ಹೂ ತಟಕ್ಕನೆ ಬಿತ್ತು.

ಆಗ ನನ್ನ ಹೊಟ್ಟೆಯೊಳಗೆ ಏನೋ ಬಿಗಿಯಿತು. ಅದಕ್ಕೆ ಕಾರಣ ಹೇಳಲು ನನಗೆ ಬರುತ್ತಿರಲಿಲ್ಲ. ಒಂದೇ ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು: ಸುಳ್ಳು.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹಾಗೇ ಹೇಳಿದೆ. ಅಮ್ಮ ಸೀರೆಗೆ ಫಾಲ್ ಹೊಲಿಯುತ್ತಿದ್ದವಳು ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

“ಗಿರಿಜನೂ ಹಿಂಗೇ ಅಂದಿದ್ಲು,” ಅಂದಳು.

ಗಿರಿಜತ್ತೆ ನನ್ನ ಅಪ್ಪನ ತಂಗಿ, ದೊಡ್ಡಪ್ಪನಿಗೂ ತಂಗಿ. ಮನೆಯ ಗೋಡೆಯ ಮೇಲೆ ಸತ್ತವರೆಲ್ಲರ ಫೋಟೊ ಇದೆ. ನನ್ನ ಅಪ್ಪನದೂ ಇದೆ. ಅವಳದು ಮಾತ್ರ ಇಲ್ಲ. ಅವಳ ಬಗ್ಗೆ ನಾನು ಮೊದಲ ಸಲ ಕೇಳಿದ್ದು ಆ ದಿನ.

“ನಾನಾಗ ಈ ಮನೆಗೆ ಹೊಸಾ ಸೊಸೆ ಮಂಜೂ. ಪಿಯುಸಿ ಫಸ್ಟ್ ಕ್ಲಾಸು ಅವ್ಳು. ಕಾಲೇಜಿಗೆ ಅಂತ ಹೂ ಕೇಳಿದ್ರು, ಎಡ ಬಿತ್ತು. ತಿಂಗಳೊಳಗೆ ಮದುವೆಗೆ ಕೇಳಿದ್ರು, ಬಲ ಬಿತ್ತು. ನೆಲ ಒರೆಸ್ತಾ ಒರೆಸ್ತಾ ನಂಗಂದ್ಲು, ‘ಅತ್ತಿಗೆ, ದೇವಿ ಹಂಗೆ ಹೇಳಲ್ಲ. ನನ್ನ ಹೊಟ್ಟೆಗೆ ಗೊತ್ತು’ ಅಂತ. ನಾನು ಬಾಯಿ ಮುಚ್ಕೊಂಡಿದ್ದೆ. ಆಮೇಲೆ... ಭದ್ರಾ ಹೊಳೇಲಿ ಸಿಕ್ಕಿದ್ಲು.”

ಅಮ್ಮ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು. “ಅರ್ಜಿ ಹಾಕು ನೀನು. ಈ ಸಲ ನಾನು ಬಾಯಿ ಮುಚ್ಕೊಳಲ್ಲ.”

ಹಾಗೆ ನಾನು ಶಿವಮೊಗ್ಗದ ಕಾಲೇಜಿಗೆ ಸೇರಿದೆ. ಬೆಳಗ್ಗೆ ಬಸ್ಸು, ಮಧ್ಯಾಹ್ನದವರೆಗೆ ತರಗತಿ, ಸಂಜೆ ದುರ್ಗಿಗುಡಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ, ರಾತ್ರಿ ಮತ್ತೆ ಬಸ್ಸು. ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದೇನೆ. ನನ್ನ ಹಿಂದೆ ನಮ್ಮ ವಂಶದಲ್ಲಿ ಯಾರೂ ಓದಿರದ ಪಾಠಗಳನ್ನು ಓದಿದ್ದೇನೆ. ದೊಡ್ಡಪ್ಪ ನನ್ನೊಡನೆ ಮಾತು ಬಿಟ್ಟರು. ಆದರೆ ಮನೆಯಲ್ಲಿ ಹಾಲು ಉಕ್ಕಿದರೂ, ಬೆಕ್ಕು ಸತ್ತರೂ ಜಗುಲಿಯಿಂದ ಒಂದು ಮಾತು ಬರುತ್ತಿತ್ತು: “ದೇವಿ ಮಾತು ಮೀರಿದ್ದಕ್ಕೆ.”

ಕೊನೆಯ ವರ್ಷ ನಮ್ಮ ಮೇಡಂ ಅಂತಃಪ್ರಜ್ಞೆಯ ಪಾಠ ಮಾಡಿದರು. ತರಗತಿ ಮುಗಿದ ಮೇಲೆ ನಾನು ಹೂವಿನ ವಿಷಯ ಕೇಳಿದೆ. ಕಾರಣ ತಿಳಿಯದೆ ನನಗೆ ‘ಸುಳ್ಳು’ ಎಂದು ಹೇಗೆ ಗೊತ್ತಾಯಿತು?

ಮೇಡಂ ನಕ್ಕರು. “ಕಣ್ಣು ನೋಡಿದ್ದನ್ನೆಲ್ಲ ಮನಸ್ಸು ನಿಂಗೆ ವರದಿ ಮಾಡಲ್ಲ ಮಾರಾಯ್ತಿ. ತೀರ್ಮಾನ ಮಾತ್ರ ಕಳಿಸುತ್ತೆ, ಅದೂ ಹೊಟ್ಟೆಗೆ. ನೀನು ಏನೋ ನೋಡಿದೀಯ. ನೆನಪು ಮಾಡ್ಕೊ.”

ಅವತ್ತು ಬಸ್ಸಿನ ಕಿಟಕಿಗೆ ತಲೆಯಾನಿಸಿ ನೆನಪು ಮಾಡಿಕೊಂಡೆ. ಚಿಕ್ಕವಳಿದ್ದಾಗ ಪೂಜೆಯ ಹೊತ್ತಿಗೆ ಆರತಿ ತಟ್ಟೆ ಹಿಡಿಯುವವಳು ನಾನೇ. ದೊಡ್ಡಪ್ಪನ ಕೈ ನನ್ನ ಮೂಗಿನ ಮಟ್ಟಕ್ಕೆ ಇರುತ್ತಿತ್ತು. ಆ ಕೈ... ಎರಡು ಹೂವನ್ನೂ ತಂಬಿಗೆಗೆ ಅದ್ದುತ್ತಿತ್ತು. ಕೆಲವು ಸಲ ಒಂದನ್ನು ಹಾಗೇ ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತಿತ್ತು. ಒದ್ದೆ ಹೂ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಒರೆಸಿದ ಹೂ ಮೊದಲು ಬೀಳುತ್ತದೆ.

ಯಾವುದು ಬೀಳಬೇಕೋ ಅದನ್ನೇ ಒರೆಸುತ್ತಿದ್ದರು.

ನನ್ನ ಕಿವಿ ಬಿಸಿಯಾಯಿತು. ನನ್ನ ಓದಿಗಾಗಿ ಅಲ್ಲ, ಅದನ್ನು ನಾನು ಹೇಗೋ ಗಿಟ್ಟಿಸಿಕೊಂಡಿದ್ದೆ. ನೆಲ ಒರೆಸುತ್ತ ಕೂತ ಆ ಹುಡುಗಿಗಾಗಿ. ನಾನು ನೋಡಿಯೇ ಇರದ ಅವಳಿಗಾಗಿ.

ಈಗ ಆ ರಾತ್ರಿಗೆ ಬರುತ್ತೇನೆ.

ಮರುದಿನ ಬೆಳಗ್ಗೆ ನನ್ನ ಕೊನೆಯ ಪರೀಕ್ಷೆ. ಸಂಜೆ ಕ್ಲಿನಿಕ್ಕಿನಲ್ಲಿದ್ದಾಗ ಅಮ್ಮನ ಫೋನ್ ಬಂತು. ಅಳು.

ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟನ್ನು ದೇವರ ಪಾದದಲ್ಲಿಟ್ಟು ತೆಗೆಯುವುದು ಅಮ್ಮನ ಪದ್ಧತಿ. ಪ್ರತಿ ಸಲವೂ ದೊಡ್ಡಪ್ಪ ಮಲಗಿದ್ದಾಗ ಇಟ್ಟು, ಅವರು ಏಳುವುದರೊಳಗೆ ತೆಗೆದುಬಿಡುತ್ತಿದ್ದಳು. ಈ ಸಲ ಇಟ್ಟು ಬರುವಷ್ಟರಲ್ಲಿ ಸಿಕ್ಕಿಬಿದ್ದಳು. ದೊಡ್ಡಪ್ಪ ಕೋಣೆಗೆ ಬೀಗ ಹಾಕಿದರು.

“ಗಂಡಿನ ಕಡೆಯವ್ರು ನಾಳೆ ಬೆಳಿಗ್ಗೆ ಬರ್ತಾರಂತೆ ಕಣೆ. ನಂಗೇ ಈಗ ಹೇಳ್ತಿದಾರೆ. ಪರೀಕ್ಷೆನೋ, ಅವ್ರ ಮುಂದೆ ಕೂರೋದೋ, ರಾತ್ರಿ ಹೂ ಕೇಳಿ ತೀರ್ಮಾನ ಅಂತೆ. ದೇವಿ ಕೊಟ್ರೆ ಟಿಕೆಟ್ ತಗೊಂಡು ಹೋಗ್ಲಿ ಅಂದ್ರು. ಮೀರಿ ಹೋದ್ರೆ... ತಾಯಿ ಮಗಳು ಇಬ್ರೂ ಗಂಟುಮೂಟೆ ಕಟ್ಕೊಳಿ ಅಂದ್ರು.”

ಹಾಲ್ ಟಿಕೆಟ್ಟಿನ ಇನ್ನೊಂದು ಪ್ರತಿ ಕಾಲೇಜಿನಲ್ಲಿ ಸಿಗುತ್ತಿತ್ತು. ಆದರೆ ಅಮ್ಮನಿಗೆ ಇನ್ನೊಂದು ಸೂರು ಸಿಗುತ್ತಿರಲಿಲ್ಲ. ದೊಡ್ಡಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಬಸ್ಸು ಹತ್ತಿದೆ. ಮನಸ್ಸು ಖಾಲಿ. ಏನು ಮಾಡಬೇಕೆಂದು ಒಂದಿಷ್ಟೂ ಹೊಳೆಯಲಿಲ್ಲ. ಬಸ್ಸು ಭದ್ರಾವತಿ ಸೇರಿ ಹೊಳೆಯ ಸೇತುವೆಯ ಹತ್ತಿರ ನಿಧಾನವಾಯಿತು. ಆಗ...

ಇಳಿ.

ಯಾರೂ ಹೇಳಲಿಲ್ಲ. ಕಿವಿಗೆ ಕೇಳಿಸಿದ್ದೂ ಅಲ್ಲ. ಹೊಟ್ಟೆಯಲ್ಲಿ ಅದೇ ಹಳೆಯ ಬಿಗಿತ. ನಾನು ಇಳಿಯಬೇಕಾದ ಸ್ಟಾಪು ಇನ್ನೂ ಮುಂದಿತ್ತು. ಆದರೂ ನನ್ನ ಕಾಲು ಎದ್ದು ನಿಂತಿತು.

“ಇಲ್ಲೇನಮ್ಮಾ ಇಳಿತೀಯ, ಕತ್ಲೇಲಿ?” ಅಂದ ಕಂಡಕ್ಟರ್. ಅಷ್ಟರಲ್ಲಿ ನಾನು ಕೆಳಗಿದ್ದೆ.

ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋದೆ. ಮೂಗಿಗೆ ಬಡಿದದ್ದು ಪಾಚಿಯ ವಾಸನೆ, ಅದರೊಳಗೆ ಒದ್ದೆ ಬಟ್ಟೆಯ ವಾಸನೆ, ಅದರೊಳಗೆ... ಅರಿಶಿನ. ಅಲ್ಲಿ ಯಾರೂ ಇರಲಿಲ್ಲ. ಆದರೆ ಎಲ್ಲೋ ಹತ್ತಿರದಲ್ಲೇ ಬಟ್ಟೆ ಒಗೆಯುವ ಸದ್ದು.

ಥಪ್... ಥಪ್... ಥಪ್...

“ಯಾರದು?” ಅಂದೆ.

ಥಪ್...

ನನ್ನ ಕೈ ಬ್ಯಾಗಿನಿಂದ ಖಾಲಿ ನೀರಿನ ಬಾಟಲಿ ತೆಗೆಯಿತು. ಬಗ್ಗಿ ಹೊಳೆಯ ನೀರು ತುಂಬಿತು. ಯಾಕೆ ತುಂಬುತ್ತಿದ್ದೇನೆ ಎಂದು ಆ ಕ್ಷಣ ನನಗೇ ಗೊತ್ತಿರಲಿಲ್ಲ. ಮುಚ್ಚಳ ತಿರುಗಿಸಿದೆ. ಆ ಸದ್ದು ನಿಂತಿತು.

ಮನೆ ಸೇರುವಾಗ ಬೀದಿಯಲ್ಲಿ ಕರೆಂಟ್ ಇರಲಿಲ್ಲ. ದೊಡ್ಡಪ್ಪ ಸ್ನಾನ ಮಾಡಿ, ಪಂಚೆಯುಟ್ಟು ಕೋಣೆಯ ಬೀಗ ತೆಗೆಯುತ್ತಿದ್ದರು. ಬಾಗಿಲಲ್ಲಿ ನಾಲ್ಕಾರು ಜನ ಕೂಡಿದ್ದರು. ಎದುರುಮನೆಯ ಸೆಲ್ವಿ ಅಕ್ಕ ಮೊಬೈಲ್ ಟಾರ್ಚ್ ಹಿಡಿದು ಎಲ್ಲರಿಗಿಂತ ಮುಂದೆ. ಅವರ ಅಪ್ಪ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಇವರು ಹುಟ್ಟಿದ್ದು, ಬೆಳೆದದ್ದು, ಬೈಯುವುದು ಎಲ್ಲ ಭದ್ರಾವತಿಯಲ್ಲೇ.

“ಏನಣ್ಣಾ, ಚೌಡಮ್ಮಂಗೂ ಕರೆಂಟ್ ಕಟ್ಟಾ?” ಅಂದರು.

“ಆ ಟಾರ್ಚ್ ಆರಿಸು. ಇದೇನು ಸರ್ಕಸ್ಸಾ?” ದೊಡ್ಡಪ್ಪ ಗದರಿದರು. ತಂಬಿಗೆ ಎತ್ತಿ ನೋಡಿದರು. ಖಾಲಿ. “ನೀರು ತಗೊಂಬಾ.”

“ನಲ್ಲಿ ಬಂದಿಲ್ಲ ಭಾವ. ಕರೆಂಟಿಲ್ದೆ ಮೋಟ್ರೂ ಹಾಕಕ್ಕಾಗಲ್ಲ. ಕೊಡದಲ್ಲಿರೋದು ಮುಸುರೆ ನೀರು,” ಅಂದಳು ಅಮ್ಮ. ಅವಳ ದನಿ ಸೋತಿತ್ತು.

ನಾನು ಬಾಟಲಿ ಚಾಚಿದೆ.

ಎಷ್ಟೋ ಕಾಲದ ಮೇಲೆ ದೊಡ್ಡಪ್ಪ ನನ್ನ ಮುಖ ನೋಡಿದರು. “ಯಾವ ನೀರು?”

“ಹೊಳೇದು.”

“ಅಂತೂ ಬುದ್ಧಿ ಬಂತು,” ಎಂದು ಜನರ ಕಡೆ ತಿರುಗಿ ನಕ್ಕರು. “ಹೊಳೆ ನೀರಿಗಿಂತ ಮಡಿ ಯಾವ್ದಿದೆ! ಹಿಡಿ, ತಟ್ಟೆ ಹಿಡಿ. ನಿನ್ನ ಹಣೆಬರಹ ನೀನೇ ಬೆಳಕು ಹಿಡ್ಕೊಂಡು ನೋಡು.”

ತಂಬಿಗೆಗೆ ನೀರು ಸುರಿದರು. ಆ ವಾಸನೆ ಕೋಣೆಯ ತುಂಬ ಹರಡಿತು. ಊದುಬತ್ತಿ ಉರಿಯುತ್ತಿತ್ತು, ಕರ್ಪೂರ ಉರಿಯುತ್ತಿತ್ತು. ಆದರೂ ಪಾಚಿ, ಒದ್ದೆ ಬಟ್ಟೆ, ಅರಿಶಿನ... ನನ್ನ ಹಿಂದೆ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದು ಗೊತ್ತಾಯಿತು.

ದೇವಿಯ ಪಾದದಲ್ಲಿ ನನ್ನ ಹಾಲ್ ಟಿಕೆಟ್ ಬಿಳಿಯಾಗಿ ಕಾಣುತ್ತಿತ್ತು.

ದೊಡ್ಡಪ್ಪ ಎರಡು ಹೂ ಅದ್ದಿದರು. ಬಲಗಡೆಯದನ್ನು ಅಂಟಿಸಿದರು. ಎಡಗಡೆಯದನ್ನು... ಪಂಚೆಯ ಅಂಚಿಗೆ ಒರೆಸಿದರು. ನಿಧಾನವಾಗಿ, ಚೆನ್ನಾಗಿ ಒರೆಸಿದರು. ಬೆನ್ನು ಜನರಿಗೆ. ಕಂಡದ್ದು ನನಗೊಬ್ಬಳಿಗೆ. ಒರೆಸುತ್ತಲೇ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ಕಂಡರೆ ಕಾಣಲಿ, ಏನು ಮಾಡುತ್ತೀ ಎನ್ನುವ ಹಾಗೆ. ಆಮೇಲೆ ಅದನ್ನೂ ಕಲ್ಲಿಗೆ ಒತ್ತಿದರು.

“ತಾಯೀ, ಪರೀಕ್ಷೆಗೆ ಹೋಗಬಹುದು ಅಂದ್ರೆ ಬಲ ಕೊಡು. ಮನೆತನ ಉಳಿಬೇಕು ಅಂದ್ರೆ ಎಡ ಕೊಡು.”

ದೀಪದ ಬತ್ತಿ ಚಿಟಚಿಟ ಎಂದಿತು.

ನಾನು ಎಡಗಡೆಯ ಹೂವನ್ನೇ ನೋಡುತ್ತಿದ್ದೆ. ಅಂಟಲು ಒಂದು ಹನಿ ಪಸೆಯಿಲ್ಲದ ಹೂ. ಬೀಳಲೇಬೇಕು. ಈಗ ಬೀಳುತ್ತದೆ... ಈಗ...

ಬಲಗಡೆಯ ಹೂ ಬಿತ್ತು. ನೇರವಾಗಿ ಹಾಲ್ ಟಿಕೆಟ್ಟಿನ ಮೇಲೆ.

“ಗಾಳಿ,” ಅಂದರು ದೊಡ್ಡಪ್ಪ.

“ಗಾಳಿ ಎಲ್ಲಿಂದ ಬಂತಣ್ಣಾ?” ಸೆಲ್ವಿ ಅಕ್ಕನ ದನಿಯಲ್ಲಿ ತಮಾಷೆ ಇರಲಿಲ್ಲ. “ದೀಪ ಅಲ್ಲಾಡ್ತಾನೇ ಇಲ್ವಲ್ಲ.”

ದೊಡ್ಡಪ್ಪ ಬಲಗಡೆ ಇನ್ನೊಂದು ಹೂ ಇಟ್ಟರು, ನೀರು ಸೋರುವಷ್ಟು ಒದ್ದೆ ಮಾಡಿ. ಕೈ ತೆಗೆಯುವ ಮೊದಲೇ ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು. ಎಡಗಡೆಯ ಒಣ ಹೂ ಕಲ್ಲಿನಲ್ಲೇ ಅರಳಿದ ಹಾಗೆ ನಿಂತಿತ್ತು.

ಅವರ ಕತ್ತಿನ ಮೇಲೆ ಬೆವರು ಮೂಡಿತು. ಪೂಜೆಯಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಬಲಗೈ ಚಾಚಿ, ಎಡಗಡೆಯ ಹೂವನ್ನು ತಾವೇ ಕೀಳಲು ಹೋದರು.

ಹೂ ಬರಲಿಲ್ಲ. ಎಳೆದರು. ಬರಲಿಲ್ಲ.

ಆಗ ಕೇಳಿಸಿತು. ನನ್ನ ಕಾಲಡಿಯ ಕಲ್ಲುಚಪ್ಪಡಿಯ ಕೆಳಗಿನಿಂದ. ಥಪ್... ಥಪ್... ಥಪ್...

ದೊಡ್ಡಪ್ಪ ಎಡಗೈಯಿಂದ ಬಲ ಮಣಿಕಟ್ಟು ಹಿಡಿದು ಜಗ್ಗಿದರು. ಕೈ ಹಿಂದಕ್ಕೆ ತೆಗೆಯಲು ನೋಡುತ್ತಿದ್ದರು, ಆಗುತ್ತಿರಲಿಲ್ಲ. ತುಟಿ ಅಲ್ಲಾಡಿತು. ಹತ್ತಿರವಿದ್ದ ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿ.

“ಗಿರೀ... ಬಿಡೇ... ತಣ್ಣಗಿದೆ ಕಣೇ... ಬಿಡೇ...”

ತಟ್ಟೆ ಕೆಳಗಿಟ್ಟು ನಾನವರನ್ನು ಹಿಡಿದೆಳೆಯಬಹುದಿತ್ತು. ಒಂದು ಹೆಜ್ಜೆಯ ದೂರ. ಹೊಟ್ಟೆಯೊಳಗಿಂದ ಮಾತು ಬಂತು: ನಿಲ್ಲು. ನಾನು ನಿಂತೆ. ದೀಪವನ್ನು ಸ್ವಲ್ಪ ಎತ್ತಿ ಹಿಡಿದೆ, ಅವರ ಮುಖ ಚೆನ್ನಾಗಿ ಕಾಣಲಿ ಅಂತ. ಸುಳ್ಳು ಯಾಕೆ ಹೇಳಲಿ, ಆ ಮುಖ ನೋಡಿ ನನ್ನ ಎದೆ ತಣ್ಣಗಾಯಿತು. ಈಗಲೂ ನೆನೆದರೆ ತಣ್ಣಗಾಗುತ್ತದೆ.

ಕರೆಂಟ್ ಬಂತು. ದೊಡ್ಡಪ್ಪ ನೆಲಕ್ಕೆ ಬಿದ್ದರು. ಎಡಗಡೆಯ ಹೂ ಕಲ್ಲಿನ ಮೇಲಿರಲಿಲ್ಲ. ಅವರ ಬಲಗೈ ಮುಷ್ಟಿ ಕಟ್ಟಿತ್ತು, ಬೆರಳ ಸಂದಿಯಿಂದ ನೀರು ಸೋರುತ್ತಿತ್ತು.

ಜನ ಅವರನ್ನು ಎತ್ತಿದರು. ನಾನು ಬಗ್ಗಿ ಹಾಲ್ ಟಿಕೆಟ್ ತೆಗೆದುಕೊಂಡೆ. ನೆಲವೆಲ್ಲ ನೀರು. ಆ ಕಾಗದ ಮಾತ್ರ ಗರಿಗರಿ.

ಸೆಲ್ವಿ ಅಕ್ಕನ ಮಗನ ಆಟೋದಲ್ಲಿ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು. ಜೊತೆಗೆ ಅಮ್ಮ ಹೋದಳು. ಹೊರಡುವಾಗ ನನ್ನ ಕೆನ್ನೆ ಸವರಿ, “ಬಾಗಿಲು ಹಾಕ್ಕೊಂಡು ಓದ್ಕೊ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೊರಡು. ಹೂ ಕೊಟ್ಟಿದಾಳೆ,” ಅಂದಳು.

ಗಂಡಿನ ಕಡೆಯವರು ಬಂದು ಬೀಗ ನೋಡಿ ಹೋದರಂತೆ. ಅಷ್ಟು ಹೊತ್ತಿಗೆ ನಾನು ಪರೀಕ್ಷೆ ಬರೆಯುತ್ತಿದ್ದೆ.

ಡಾಕ್ಟರು ನರದ ತೊಂದರೆ ಅಂದರು. ಭಯಕ್ಕೆ ಹೀಗಾಗುವುದುಂಟು ಅಂದರು. ಮುಷ್ಟಿಯನ್ನು ಔಷಧ ಕೊಟ್ಟೇ ಬಿಡಿಸಬೇಕಾಯಿತು. ಒಳಗೆ ಹೂ ಇರಲಿಲ್ಲ. ಹಸಿ ಮರಳಿತ್ತು, ಒಂದು ಹಿಡಿ. ಅಮ್ಮ ಹತ್ತಿರವೇ ನಿಂತು ನೋಡಿದ್ದಾಳೆ.

ಮನೆಗೆ ಬಂದು ಬೀನ್ಸ್ ಹೆಚ್ಚುತ್ತ ಅಮ್ಮ ಹೇಳಿದ್ದು ಇಷ್ಟೇ: “ಇನ್ನೂ ಮೊದಲೇ ಬರಬೇಕಿತ್ತು ಅವ್ಳು.”

ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಸಮಾಧಾನವಾಗಿ ಕೇಳಿದರು. ಆಮೇಲೆ ಒಂದೊಂದಾಗಿ ಬಿಡಿಸಿದರು. ದೊಡ್ಡಪ್ಪನ ಕೈಚಳಕ ನನ್ನ ಒಳಮನಸ್ಸಿಗೆ ಗೊತ್ತಿತ್ತು. ನೀರು ಬದಲಾದರೆ ಲೆಕ್ಕ ತಪ್ಪುತ್ತದೆ ಎಂದು ಅದೇ ನನ್ನನ್ನು ಸೇತುವೆಯ ಹತ್ತಿರ ಇಳಿಸಿತು. ಹೊಳೆ ನೀರಿನಲ್ಲಿ ಕೆಸರು, ಮರಳು. ಆ ವಾಸನೆಯೇ ಪಾಪಪ್ರಜ್ಞೆಯಿದ್ದ ಮನುಷ್ಯನಿಗೆ ತಂಗಿಯನ್ನು ನೆನಪಿಸಿತು.

“ಸರಿ ಮೇಡಂ. ಒರೆಸಿದ ಹೂ ಯಾಕೆ ಬೀಳಲಿಲ್ಲ?”

ಮೇಡಂ ಬಹಳ ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದರು. “ಸರಿಯಾಗಿ ಒರೆಸಿರಲಿಕ್ಕಿಲ್ಲ,” ಅಂದರು.

ನಾನು ನೋಡಿದ್ದೇನೆ. ಚೆನ್ನಾಗಿ ಒರೆಸಿದ್ದರು.

ಆ ರಾತ್ರಿಯಿಂದ ನನಗೆ ಒಂದು ಅಭ್ಯಾಸವಾಗಿಬಿಟ್ಟಿದೆ. ದೊಡ್ಡ ತೀರ್ಮಾನ ಎದುರಾದಾಗಲೆಲ್ಲ ಹೊಟ್ಟೆ ಬಿಗಿಯುತ್ತದೆ, ಎಲ್ಲಿಂದಲೋ ಪಾಚಿಯ ವಾಸನೆ ಬರುತ್ತದೆ, ಮಾತು ಬರುತ್ತದೆ. ಒಂದು ಕೆಲಸ ಬೇಡ ಎಂದಿತು, ಬಿಟ್ಟೆ. ಇನ್ನೊಂದಕ್ಕೆ ಸೇರು ಎಂದಿತು, ಸೇರಿದೆ. ಇಲ್ಲಿಯವರೆಗೆ ತಪ್ಪಿಲ್ಲ. ಆದರೆ ಅದು ನನ್ನ ಒಳ್ಳೆಯದಕ್ಕೆ ಹೇಳುತ್ತಿದೆಯೋ, ತನಗೆ ಆಗಬೇಕಾದ್ದನ್ನು ನನ್ನ ಕೈಯಿಂದ ಮಾಡಿಸಿಕೊಳ್ಳುತ್ತಿದೆಯೋ... ಗೊತ್ತಿಲ್ಲ. ಅವತ್ತು ‘ನಿಲ್ಲು’ ಎಂದದ್ದು ಯಾರು? ನಿಂತು ಖುಷಿಪಟ್ಟದ್ದು ಯಾರು?

ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ಕಾಲೇಜಿನಿಂದ ನೇರ ಮನೆಗೆ ಬಂದೆ. ಫ್ರೇಮಿನ ಅಂಗಡಿಗೆ ಹೋಗಲಿಲ್ಲ, ಸ್ವೀಟ್ ಅಂಗಡಿಗೂ ಹೋಗಲಿಲ್ಲ. ದೊಡ್ಡಪ್ಪ ದೇವರ ಕೋಣೆಯ ಬಾಗಿಲಲ್ಲಿ ಕೂತಿದ್ದರು. ಸತುವಿಲ್ಲದ ಬಲಗೈ ತೊಡೆಯ ಮೇಲಿತ್ತು. ಎಡಗೈಯಲ್ಲಿ ಹೂ ಇಡಲು ಅವರು ಆಗಾಗ ಪ್ರಯತ್ನಿಸುತ್ತಾರೆ ಎಂದು ಅಮ್ಮ ಹೇಳಿದ್ದಳು. ಆದರೆ ಏನಾಗುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ಹೂ ಕೇಳಲು ಬರುವವರು ಈಗೀಗ ಬಾಗಿಲಿಂದಲೇ ಕೈಮುಗಿದು ಹೋಗುತ್ತಿದ್ದರು.

ಒಳಗಿನ ಕಲ್ಲಿನ ಮೇಲೆ ಬಲಕ್ಕೊಂದು, ಎಡಕ್ಕೊಂದು ಹೂ ಇತ್ತು. ಎರಡೂ ಒಣಗಿ ಕಪ್ಪಾಗಿದ್ದವು. ಎರಡೂ ಬಿದ್ದಿರಲಿಲ್ಲ.

ನಾನು ಸರ್ಟಿಫಿಕೇಟನ್ನು ಅವರ ಎಡಗೈಗೆ ಕೊಟ್ಟೆ. ಮುಖ ನೋಡುತ್ತ ನಿಂತೆ. ಅದಕ್ಕಾಗಿಯೇ ಓದಿದ್ದೆ ಅಂದರೂ ತಪ್ಪಿಲ್ಲ.

ಅವರು ಅದರಲ್ಲಿದ್ದ ನನ್ನ ಹೆಸರನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ತಲೆಯೆತ್ತದೆ, ಒಳಗಿರುವ ಯಾರಿಗೋ ಕೇಳಿಸಬಾರದು ಎನ್ನುವ ಹಾಗೆ, ಪಿಸುದನಿಯಲ್ಲಿ ಹೇಳಿದರು:

“ಇನ್ಮೇಲೆ ಹೂ ನೀನೇ ಇಡು ಮಗಾ. ಅದು ನನ್ನ ಮಾತು ಕೇಳ್ತಿಲ್ಲ.”